ಐದು ಹಂದಿಮರಿ, ಒಂದು ಲೀಟರ್ ಹಾಲು

ಕೊಲೆ ಮಾಡಿದ್ದು ಯಾರು ಅಂತ ಗೊತ್ತಿರುವ ಪತ್ತೇದಾರಿ ಕಾದಂಬರಿಯನ್ನು ಮತ್ತೆ ಯಾಕೆ ಓದ್ತೀಯ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಗೆದ್ದ ಮ್ಯಾಚಿನ ಹೈಲೈಟ್ಸನ್ನು ಮೂರು ಸಲ ನೋಡುವವರು ಕೇಳುವ ಪ್ರಶ್ನೆಯೇ ಇದು? ಇರಲಿ. ನನ್ನ ಉತ್ತರ ಸುಲಭ. ನನಗೆ ಗೊತ್ತಿರುವುದಿಲ್ಲ. ಮರೆತೇ ಹೋಗಿರುತ್ತದೆ.

ಅಗಾಥಾ ಕ್ರಿಸ್ಟಿಯ ‘ಫೈವ್ ಲಿಟಲ್ ಪಿಗ್ಸ್’ ಅನ್ನು ಕಾಲೇಜಿನಲ್ಲಿದ್ದಾಗ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಚೌಕಾಸಿ ಮಾಡಿ ಕೊಂಡಿದ್ದೆ. ಪತ್ತೇದಾರ ಪಾಯ್ರೊ. 1920ರಲ್ಲಿ ಬಂದ ಮೊದಲ ಕಾದಂಬರಿಯಲ್ಲೇ ಆತ ಬೆಲ್ಜಿಯಂ ಪೊಲೀಸ್ ಕೆಲಸದಿಂದ ರಿಟೈರ್ ಆದವನು. ಕೊನೆಯದು ಪ್ರಕಟವಾಗಿದ್ದು 1975ರಲ್ಲಿ. ಒಟ್ಟು 33 ಕಾದಂಬರಿ. ರಿಟೈರ್ ಆದಮೇಲೂ 55 ವರ್ಷ ದುಡಿದ ಎಂದರೆ ನಮ್ಮ ಮಾವನವರು, ‘ಪಿಂಚಣಿ ಸರಿಯಾಗಿ ಬರ್ತಿರಲಿಲ್ಲವೇನೋ ಪಾಪ’ ಎಂದರು.

ಈ ಕಥೆಯಲ್ಲಿ ಚಿತ್ರ ಬರೆಯುವವನೊಬ್ಬ ವಿಷದಿಂದ ಸತ್ತು 16 ವರ್ಷವಾಗಿದೆ. ಹೆಂಡತಿಯೇ ಕೊಂದಳೆಂದು ತೀರ್ಪಾಗಿ, ಆಕೆ ಜೈಲಿನಲ್ಲೇ ತೀರಿಕೊಂಡಿದ್ದಾಳೆ. ಈಗ ಮಗಳು ಬಂದು ನಿಜ ಹುಡುಕಿಕೊಡಿ ಎನ್ನುತ್ತಾಳೆ. ಇಷ್ಟು ವರ್ಷದ ಮೇಲೆ ಹೋಗಿ ನೋಡಲು ಬೆರಳಚ್ಚಿಲ್ಲ, ರಕ್ತದ ಕಲೆಯಿಲ್ಲ. ಅಂದು ಆ ಮನೆಯಲ್ಲಿದ್ದ ಐದು ಜನರನ್ನು ಪಾಯ್ರೊ ಹುಡುಕಿಕೊಂಡು ಹೋಗಿ, ನೆನಪಿರುವುದನ್ನೆಲ್ಲ ಬರೆದುಕೊಡಿ ಎನ್ನುತ್ತಾನೆ. ಅಷ್ಟೇ. ಅದರಲ್ಲೇ ಎಲ್ಲ ಸಿಗುತ್ತದೆ.

ಮೊನ್ನೆ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಸುಮ್ನೆ ಎರಡು ಪುಟ ಅಂತ ಕೈಗೆತ್ತಿಕೊಂಡೆ. ಅರ್ಧ ದಾಟಿದ ಪುಟವದು. ಒಬ್ಬರ ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಇವರೇ! ನೂರಕ್ಕೆ ನೂರು!’ ಎಂದು ಬರೆದಿತ್ತು. (ಗಂಡೋ ಹೆಣ್ಣೋ ಗೊತ್ತಾಗಬಾರದೆಂದು ನಿಮಗಾಗಿ ಬಹುವಚನ ಮಾಡಿದ್ದೇನೆ.) ಅಕ್ಷರ ನನ್ನದೇ. ಹತ್ತೊಂಬತ್ತು ವರ್ಷದ ಆ ಬುದ್ಧಿವಂತೆಯ ಮೇಲೆ ಸಿಟ್ಟು ಬಂತು. ಎಲ್ಲ ಹಾಳು ಮಾಡಿದಳಲ್ಲ! ಆದರೂ ಅವಳನ್ನು ನಂಬಿ, ಆ ಒಬ್ಬರ ಮೇಲೇ ಕಣ್ಣಿಟ್ಟು ಓದುತ್ತಾ ಹೋದೆ. ಅವರು ಕೆಮ್ಮಿದರೂ ಅನುಮಾನ.

ಅಷ್ಟರಲ್ಲಿ ಸುಟ್ಟ ವಾಸನೆ. ಹಾಲು ಉಕ್ಕಿ, ಕಟ್ಟೆಯಿಂದ ಕೆಳಗಿಳಿದು, ಸಿಲಿಂಡರಿನ ಬುಡದವರೆಗೂ ಹೋಗಿತ್ತು.

ತನಿಖೆ ಶುರುವಾಯಿತು. ‘ನಾನು ಆಗಲೇ ಕೂಗಿದೆ’ ಎಂದರು ಅತ್ತೆ. ಕೂಗಿದ್ದು ಹೂವಿನವಳನ್ನು ಎಂದು ಮಾವ. ತಾನು ಸ್ನಾನಕ್ಕೆ ಹೋಗಿದ್ದೆ ಎಂದರು ಯಜಮಾನರು, ತಲೆ ಒಣಗಿಯೇ ಇತ್ತು. ಮಗ, ‘ಅಮ್ಮ ಒಬ್ಬಳೇ ನಗ್ತಾ ಕೂತಿದ್ಲು’ ಎಂದ. ನಾನು ಒಲೆ ಸಣ್ಣ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹತ್ತು ನಿಮಿಷದ ಹಿಂದಿನ ಮಾತಿಗೇ ಐದು ಜನರ ಐದು ಕಥೆ. ಹದಿನಾರು ವರ್ಷದ ನಂತರ ಆ ಪಾಯ್ರೊ ಹೇಗೆ ಏಗಿದನೋ!

ಕಟ್ಟೆ ಒರೆಸಿ ಮತ್ತೆ ಹಾಲಿಡೋಣವೆಂದರೆ ಗ್ಯಾಸ್ ಲೈಟರ್ ಇಲ್ಲ. ಡಬ್ಬಿಗಳ ಹಿಂದೆ, ಫ್ರಿಜ್ ಮೇಲೆ, ಕಸದ ಬುಟ್ಟಿಯಲ್ಲಿ ಎಲ್ಲ ಹುಡುಕಿದ್ದಾಯಿತು. ದೇವರ ಮನೆಯ ಬೆಂಕಿಪೊಟ್ಟಣದಲ್ಲಿ ಕೆಲಸ ಸಾಗಿತು. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕಾದಂಬರಿ ಮುಗಿಸಿದೆ. ಪೆನ್ಸಿಲಿನವಳು ಹೇಳಿದ್ದು ಶುದ್ಧ ತಪ್ಪು. ಅಂದು ನಾನು ಬರೆದದ್ದು ಉತ್ತರವಲ್ಲ, ಊಹೆ. ಅಳಿಸುವ ಗೋಜಿಗೆ ಹೋಗಲಿಲ್ಲ. ಮುಂದಿನ ಸಲಕ್ಕೂ ಬೇಕಲ್ವಾ?

ಲೈಟರ್? ಬೆಳಿಗ್ಗೆ ಓದು ನಿಲ್ಲಿಸಿದ ಪುಟದಲ್ಲೇ ಇತ್ತು, ಗುರುತಿಗೆ ಇಟ್ಟಿದ್ದೆ. ಯಾರೂ ನೋಡುವ ಮೊದಲೇ ಫ್ರಿಜ್ಜಿನ ಹಿಂದೆ ಬೀಳಿಸಿದ್ದೇನೆ. ಯಜಮಾನರು ಸಂಜೆ ತಾವೇ ಪತ್ತೆ ಮಾಡಿ, ಈಗಲೂ ಮೀಸೆ ತಿರುವುತ್ತಿದ್ದಾರೆ.