ಬ್ಯಾಟರಿ ನೋಡಿ ಪ್ಯಾನಲ್ ಹಾಕ್ಸ್ಬೇಡಿ, ಮಧ್ಯಾಹ್ನ ಕಾರು ಎಲ್ಲಿರುತ್ತೆ ನೋಡಿ

ಕಾರಿನ ಬ್ಯಾಟರಿ 18 ಯೂನಿಟ್ದು, ಹಂಗಾಗಿ ದಿನಾ 18 ಯೂನಿಟ್ ಬರೋಷ್ಟು ಸೋಲಾರ್ ಬೇಕು ಅನ್ನೋ ಲೆಕ್ಕಾನ ಇಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಕೇಳ್ತೀನಿ, ನಮ್ ದಾವಣಗೆರೆಯಲ್ಲೂ ಕೇಳ್ತೀನಿ. ಎರಡೂ ಕಡೆ ತಪ್ಪೇ. ದಿನಾ ಎಷ್ಟು ಓಡಿಸ್ತೀರ ಅನ್ನೋದು ಮುಖ್ಯ.

ನಂದು ಟೊಯೋಟಾ ರಾವ್4 ಪ್ರೈಮ್, ಪ್ಲಗ್-ಇನ್ ಹೈಬ್ರಿಡ್ (ಅಂದ್ರೆ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡ್ಬಹುದು, ಪೆಟ್ರೋಲಲ್ಲೂ ಓಡುತ್ತೆ), ಬ್ಯಾಟರಿ 18.1 ಯೂನಿಟ್. ಆಫೀಸಿಗೆ ಹೋಗಿ ಬರೋದು 40 ಕಿಮೀ, ಅದಕ್ಕೆ ಸುಮಾರು 9 ಯೂನಿಟ್ ಸಾಕು. ಒಂದು ಕಿಲೋವ್ಯಾಟ್ ಪ್ಯಾನಲ್ಲು ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಕೊಡುತ್ತೆ ಅಂತ ಇಟ್ಕೊಂಡ್ರೆ 400 ವ್ಯಾಟಿನ ಆರು ಪ್ಯಾನಲ್ ಆಯ್ತು. ದೂರ ಹೋಗೋ ದಿನಕ್ಕೆ ಪೆಟ್ರೋಲ್ ಟ್ಯಾಂಕ್ ಇದೆಯಲ್ಲ, ಹೈಬ್ರಿಡ್ ತಗೊಂಡಿದ್ದೇ ಅದಕ್ಕೆ.

ಆದ್ರೆ ಬಿಸಿಲಿರೋ ಹೊತ್ತಲ್ಲಿ ಕಾರು ಮನೇಲಿರಲ್ಲ. 2023ರ ಏಪ್ರಿಲ್ ಮಧ್ಯದಿಂದ ಈಚೆಗೆ ಸೋಲಾರಿಗೆ ಅರ್ಜಿ ಹಾಕಿದೋರಿಗೆ ಇಲ್ಲಿನ ದೊಡ್ಡ ಕರೆಂಟ್ ಕಂಪನಿಗಳು ಹಗಲು ಗ್ರಿಡ್ಡಿಗೆ, ಅಂದ್ರೆ ಕಂಪನಿ ಲೈನಿಗೆ, ಬಿಟ್ಟ ಕರೆಂಟಿಗೆ ಕೊಡೋದು ಪುಡಿಗಾಸು, ಸಂಜೆ ವಾಪಸ್ ತಗೊಳೋವಾಗ ಮಾತ್ರ ಪೂರ್ತಿ ರೇಟು, ಅದಕ್ಕೇ ಜನ ಮನೆಗೂ ಒಂದು ಬ್ಯಾಟರಿ ಕೊಳ್ಳೋಕೆ ಸಾಲ ಮಾಡ್ತಾರೆ.

ನನ್ ತಮ್ಮನ ಟಿಯಾಗೋ ಇವಿ ನೋಡಿ. 19.2 ಯೂನಿಟ್ ಬ್ಯಾಟರಿ, ಹೆಚ್ಚುಕಮ್ಮಿ ನನ್ ಕಾರಿನಷ್ಟೇ. ಅವನು ಒಂದು ಗಂಟೆಗೆ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದು, ರೊಟ್ಟಿ ಊಟ ಮಾಡಿ, ಫ್ಯಾನ್ ಹಾಕ್ಕೊಂಡು ಮೂರೂವರೆವರೆಗೆ ಮಲಗ್ತಾನೆ. ಕಾರು ಪೋರ್ಟಿಕೋದಲ್ಲಿ, 15 ಆಂಪ್ ಪ್ಲಗ್ಗಲ್ಲಿ. ಅಷ್ಟರಲ್ಲಿ ಐದಾರು ಯೂನಿಟ್ ಒಳಗೆ ಹೋಗಿರುತ್ತೆ, ಊರೊಳಗೆ ಓಡಾಡೋಕೆ ಧಾರಾಳ, ಸೋಲಾರ್ ಹಾಕ್ಸಿದ್ರೆ ಅದೂ ನೇರ ತಾರಸಿ ಮೇಲಿಂದ. ನಮ್ಮೂರಿನ ಮಧ್ಯಾಹ್ನದ ನಿದ್ದೆಗೆ ಇಷ್ಟು ಬೆಲೆ ಇದೆ ಅಂತ ಯಾರೂ ಹೇಳಿರ್ಲಿಲ್ಲ!

ಇನ್ನೊಂದು, ಕಾರಿಗೆ ದಿನಕ್ಕೆ 4 ಯೂನಿಟ್ ಅಂದ್ರೂ ತಿಂಗಳಿಗೆ 120, ಸೋಲಾರ್ ಇಲ್ದೆ ಚಾರ್ಜ್ ಮಾಡಿದ್ರೆ ಗೃಹಜ್ಯೋತಿ ಉಚಿತ ಕರೆಂಟಿನ 200 ಯೂನಿಟ್ ಗೆರೆ ಎಷ್ಟೋ ಮನೆಗಳಲ್ಲಿ ದಾಟಿಹೋಗುತ್ತೆ, ದಾಟಿದ್ರೆ ಪೂರ್ತಿ ಬಿಲ್ಲು ನಮ್ಮ ತಲೆ ಮೇಲೆ.

ಸೋಲಾರ್ ಮಾರೋಕೆ ಬಂದೋನು ತಮ್ಮಂಗೆ 5 ಕಿಲೋವ್ಯಾಟ್ ಹಾಕ್ಸಿ ಅಂತ ದುಂಬಾಲು ಬಿದ್ದಿದಾನಂತೆ. ಕೇಂದ್ರ ಸರ್ಕಾರದ ಸೂರ್ಯಘರ್ ಸಬ್ಸಿಡಿ 3 ಕಿಲೋವ್ಯಾಟಿಗೆ 78 ಸಾವಿರ, ಅದಕ್ಕಿಂತ ಎಷ್ಟು ದೊಡ್ದು ಹಾಕಿದ್ರೂ ಅಷ್ಟೇ. ಆ ಪುಣ್ಯಾತ್ಮ ಹೇಳದೇ ಇದ್ದಿದ್ದು ಅಂದ್ರೆ ಬ್ಯಾಟರಿ ಇಲ್ದೆ ನೇರ ಲೈನಿಗೆ ಜೋಡ್ಸಿರೋ ಆನ್‌ಗ್ರಿಡ್ ಇನ್ವರ್ಟರ್ ಕರೆಂಟ್ ಹೋದ ತಕ್ಷಣ ತಾನೂ ಬಂದ್ ಆಗುತ್ತೆ, ಲೈನ್‌ಮ್ಯಾನ್‌ಗೆ ಶಾಕ್ ಹೊಡೀಬಾರ್ದು ಅಂತ, ಆಗ ರಣಬಿಸಿಲಿದ್ರೂ ಕಾರು ಚಾರ್ಜ್ ಆಗಲ್ಲ. ಏಪ್ರಿಲ್ ಬಿಸಿಲಿಗೆ ಪ್ಯಾನಲ್ ಕಾದು 60 ಡಿಗ್ರಿ ಆದ್ರೆ ಬರೋ ಕರೆಂಟಿಗೆ ಹತ್ತು ಪರ್ಸೆಂಟಿಗಿಂತ ಜಾಸ್ತಿ ಹೊಡೆತ ಬೇರೆ.

ತಮ್ಮಂಗೆ 3 ಕಿಲೋವ್ಯಾಟ್ ಸಾಕು ಅಂದಿದೀನಿ. ಆದ್ರೆ ಮಧ್ಯಾಹ್ನದ ಬಿಸಿಲಿಗೆ ಅಡ್ಡ ನಿಂತಿರೋದು ಸಿಂಟೆಕ್ಸ್ ಟ್ಯಾಂಕು, ಅದನ್ನ ಉತ್ತರಕ್ಕೆ ಸರಿಸ್ರಿ ಅಂದ್ರೆ ಅವ್ವ ಸುತಾರಾಂ ಒಪ್ತಿಲ್ಲ, ವಾಸ್ತು ಪ್ರಕಾರ ಟ್ಯಾಂಕು ನೈಋತ್ಯದಲ್ಲೇ ಇರ್ಬೇಕಂತೆ.