ಬಣ್ಣ ನಿಷೇಧ, ಗೋಬಿ ಕೆಂಪು

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರಕ್ಕೆ ಗೋಬಿ ಮಂಚೂರಿ ಯಾಕಿಷ್ಟು ಕೆಂಪು ಅಂತ ಅನುಮಾನ ಬಂತು. 171 ಸ್ಯಾಂಪಲ್ ಲ್ಯಾಬಿಗೆ ಹೋದವು. 107ರಲ್ಲಿ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಂತೂ ಬಟ್ಟೆಗೆ ಹಾಕುವ ರೋಡಮಿನ್-ಬಿ! ಇಂಥ ಬಣ್ಣ ಹಾಕಬಾರದು, ತಪ್ಪಿದರೆ 7 ವರ್ಷ ಜೈಲು, 10 ಲಕ್ಷ ದಂಡ ಅಂತ ಪತ್ರಿಕಾಗೋಷ್ಠಿಯಲ್ಲಿ ಘೋಷಣೆಯಾಯಿತು. ಜೂನ್‌ನಲ್ಲಿ ಕಬಾಬ್ ಸರದಿ.

ಈಗ ಗಾಡಿಯವರನ್ನು ಕೇಳಿ ನೋಡಿ. “ಕಲರ್ ಹಾಕ್ತೀರಾ ಅಣ್ಣ?” “ಛೆ ಛೆ, ಬ್ಯಾಡಗಿ ಮೆಣಸಿನಕಾಯಿ ಸಾರ್.” ತಿಂದ ಮೇಲೆ ಮೂರು ಸಲ ಸೋಪು ಹಾಕಿದರೂ ಉಗುರಿನ ಸಂದಿ ಕೆಂಪಗೇ ಇರುತ್ತದೆ. ಅಂಥ ಬ್ಯಾಡಗಿ ಹಾವೇರಿಯವರೂ ಕಂಡಿರಲಿಕ್ಕಿಲ್ಲ. ನಿಜವಾದ ಬ್ಯಾಡಗಿ ಮೆಣಸಿನ ಬಣ್ಣ ಹಿಂಡಿಸಿಕೊಂಡು ಲಿಪ್‌ಸ್ಟಿಕ್ ಕಡೆ ಹೋಗುತ್ತದೆ. ಬಟ್ಟೆಯ ಬಣ್ಣ ಮಕ್ಕಳ ಹೊಟ್ಟೆಗೆ ಬರುತ್ತದೆ. ವ್ಯವಸ್ಥೆ ಅಂದ್ರೆ ಇದು, ಅಲ್ವಾ?

ಇನ್ನು ಲಿವರ್ ಪಾಡು ಕೇಳಿ. ರಕ್ತದ ಕೆಲವು ಕಸಗಳನ್ನು ಅದು ಪಿತ್ತರಸಕ್ಕೆ ಸೇರಿಸಿ ಕರುಳಿಗೆ ಸಾಗಹಾಕುತ್ತದೆ. ಕೆಲವು ಬಣ್ಣಗಳದ್ದೂ ಇದೇ ದಾರಿ. ಅದಕ್ಕೇ ಒಂದು ಕಾಲದಲ್ಲಿ ಡಾಕ್ಟರುಗಳು ಬಿಎಸ್‌ಪಿ ಅನ್ನೋ ಬಣ್ಣವನ್ನು ನರಕ್ಕೆ ಚುಚ್ಚಿ, 45 ನಿಮಿಷ ಬಿಟ್ಟು, ರಕ್ತದಲ್ಲಿ ಎಷ್ಟು ಉಳಿದಿದೆ ಅಂತ ನೋಡಿ ಲಿವರ್‌ಗೆ ಮಾರ್ಕ್ಸ್ ಕೊಡುತ್ತಿದ್ದರು. ಇಂಥದ್ದೇ ಕೆಲಸಕ್ಕಿದ್ದ ಇನ್ನೊಂದು ಬಣ್ಣ ರೋಸ್ ಬೆಂಗಾಲ್. ಅದನ್ನು ಮೊಲಗಳಿಗೆ ಜಾಸ್ತಿ ಕೊಟ್ಟಾಗ ಪಿತ್ತರಸದ ಹರಿವೇ ಕಡಿಮೆಯಾಯಿತು. ರಾಜಕಾಲುವೆ ಪರೀಕ್ಷೆಗೆ ಬಂದ ಇಂಜಿನಿಯರೇ ಅದರಲ್ಲಿ ಸಿಕ್ಕಿಹಾಕಿಕೊಂಡ ಹಾಗೆ.

ಒಂದು ಪ್ಲೇಟ್ ಗೋಬಿಯಿಂದ ಪಿತ್ತ ನಿಂತುಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಮೊಲಕ್ಕೆ ಕೊಟ್ಟಿದ್ದು ಬೇರೆ ಬಣ್ಣ, ಅದೂ ಅಳತೆ ಮಾಡಿ. ನಮ್ಮ ಗಾಡಿಯಲ್ಲಿ ಅಳತೆ ಅಂದ್ರೆ ಡಬ್ಬಿ ತಟ್ಟಿದಷ್ಟು.

ಪಾಪ, ಗಾಡಿಯವನೊಬ್ಬನನ್ನೇ ಬೈದು ಏನು ಪ್ರಯೋಜನ? ಬಣ್ಣ ಬಿಟ್ಟು ಕರಿದರೆ “ಇದೇನು, ನಿನ್ನೆಯದಾ?” ಅಂತ ಮೂಗು ಮುರಿಯುವವರು ನಾವೇ.

ಅಂದಹಾಗೆ, ರೋಸ್ ಬೆಂಗಾಲ್‌ಗೆ ಎರಿಥ್ರೋಸಿನ್ ಅಂತ ಒಬ್ಬ ದಾಯಾದಿ ಇದ್ದಾನೆ. ಈ ಕೆಂಪು ಬಣ್ಣ ತಿನಿಸಿನಲ್ಲಿ ಮಿತಿಯೊಳಗಿದ್ದರೆ ಕಾನೂನಿನ ಒಪ್ಪಿಗೆಯೂ ಉಂಟು. ಬೇಕರಿ ಕೇಕಿನ ಮೇಲೆ ಕೂರುವ ‘ಚೆರ್ರಿ’ಗೆ ಇಂಥವನೇ ಬೇಕು. ಎಷ್ಟೋ ಕಡೆ ಅದು ಚೆರ್ರಿಯೂ ಅಲ್ಲ, ಸಕ್ಕರೆ ಪಾಕ ಮತ್ತು ಬಣ್ಣ ಕುಡಿದ ಕವಳಿಕಾಯಿ. ಅದರ ಪತ್ರಿಕಾಗೋಷ್ಠಿ ಆಗೋ ತನಕ ಮಕ್ಕಳ ಹುಟ್ಟುಹಬ್ಬ ಮುಗಿಸಿಕೊಂಡುಬಿಡಿ.