ಊರಿನ ಇನಿಷಿಯಲ್ ಕಳಕೊಂಡ ಕುದುರೆಗಳು

ಮೊನ್ನೆ ಭಾನುವಾರ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಈಸ್ಟ್ ರಿವರ್ ದಂಡೆಯ ಗಾಜಿನ ಮನೆಯೊಳಗಿನ ಮೆರಿಗೋರೌಂಡಿನಲ್ಲಿ, ಅಣ್ಣನ ಮಗಳನ್ನು ಮರದ ಕುದುರೆ ಮೇಲೆ ಕೂರಿಸಿ ಪಕ್ಕದಲ್ಲಿ ಹಿಡಕೊಂಡು ನಿಂತಿದ್ದೆ. ಹಿಂದಿನ ಕುದುರೆಯ ಹತ್ತಿರ ಒಬ್ಬಾತ ತನ್ನ ಮಗನಿಗೆ ಹೇಳುತ್ತಿದ್ದ: "ನೋಡು, ನಿನ್ನ ಮುತ್ತಜ್ಜ ಚಿಕ್ಕವನಿದ್ದಾಗ ಬ್ರೂಕ್ಲಿನ್ ಹೀಗೇ ಇತ್ತು." ನನಗೆ ತಡೆಯಲಾಗಲಿಲ್ಲ. "ಇದು ಬ್ರೂಕ್ಲಿನ್‌ದಲ್ಲ, ಒಹಾಯೋದ ಯಂಗ್ಸ್‌ಟೌನ್‌ದು" ಅಂದುಬಿಟ್ಟೆ. ಆತ ಒಳ್ಳೆಯವನೇ, ನಕ್ಕು ತಲೆಯಾಡಿಸಿದ. ಅಷ್ಟರಲ್ಲಿ ಸುತ್ತು ಮುಗೀತು, ಅವರು ಇಳಿದು ಹೋದರು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ನಾವು ಹನ್ನೊಂದು ವರ್ಷ ಯಂಗ್ಸ್‌ಟೌನ್ ಪಕ್ಕದ ಬೋರ್ಡ್‌ಮನ್‌ನಲ್ಲಿ ಇದ್ದದ್ದು ನಿಮಗೆಲ್ಲ ಗೊತ್ತು. "ಆ ಹಾಳೂರಲ್ಲಿ ಏನ್ ಮಾಡ್ತೀರಿ" ಅಂತ ಫೋನ್ ಮಾಡಿದವರೆಲ್ಲ ಕೇಳ್ತಿದ್ರಿ. ಭದ್ರಾವತಿಯಲ್ಲಿ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಊಟ ಮಾಡಿ ಬೆಳೆದವಳಿಗೆ ಅದು ಹಾಳೂರು ಅನ್ನಿಸಲೇ ಇಲ್ಲ. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿದ್ದವರು, ಗಂಡನೂ ಅಲ್ಲೇ. ಈ ಕುದುರೆಗಳು ಮೊದಲಿದ್ದ, ಯಂಗ್ಸ್‌ಟೌನ್‌ನ ಐಡೋರಾ ಅನ್ನುವ ಮನರಂಜನಾ ಪಾರ್ಕಿನ ಕತೆ ನನಗೆ ಗೊತ್ತಾಗಿದ್ದು ಅವರ ಅಡುಗೆಮನೆಯಲ್ಲಿ. ಆಲೂಗಡ್ಡೆ ಕರಿದು ಅದರ ಮೇಲೆ ವಿನೆಗರ್ ಚಿಮುಕಿಸಿ, "ಐಡೋರಾದಲ್ಲಿ ಹೀಗೇ ಕೊಡ್ತಿದ್ರು" ಅಂತ ತಟ್ಟೆ ನನ್ನ ಕಡೆ ನೂಕುತ್ತಿದ್ದರು.

ಆ ಪಾರ್ಕು ಶುರುವಾಗಿದ್ದು 1899ರಲ್ಲಿ. ಕಟ್ಟಿಸಿದ್ದು ಟ್ರಾಮ್ ಕಂಪನಿ. ಆಗೆಲ್ಲ ಅಮೆರಿಕದ ಊರೂರಲ್ಲೂ ಇದೇ ಲೆಕ್ಕ. ವಾರವಿಡೀ ಕೆಲಸಕ್ಕೆ ಹೋಗೋರಿಂದ ತುಂಬಿರುತ್ತಿದ್ದ ಟ್ರಾಮು ಭಾನುವಾರ ಖಾಲಿ ಓಡುತ್ತಿತ್ತು. ಲೈನು ಮುಗಿಯುವ ಕಡೆ ಒಂದು ಪಾರ್ಕು ಮಾಡಿದರೆ ಭಾನುವಾರವೂ ಜನ ಹತ್ತುತ್ತಾರೆ. ಅದಕ್ಕೇ ಇದಕ್ಕೆ ಮೊದಲು ಇಟ್ಟ ಹೆಸರು ಟರ್ಮಿನಲ್ ಪಾರ್ಕ್. ಅದೇ ವರ್ಷ ಐಡೋರಾ ಅಂತಾಯಿತು. ಆಮೇಲೆ ಕುಣಿಯುವ ದೊಡ್ಡ ಹಾಲ್ ಬಂತು, ಈಜುಕೊಳ ಬಂತು, 1930ರ ಹೊತ್ತಿಗೆ 'ವೈಲ್ಡ್‌ಕ್ಯಾಟ್' ಅನ್ನುವ ಮರದ ರೋಲರ್ ಕೋಸ್ಟರ್ ಬಂತು. ಕಾರ್ಖಾನೆಗಳ ಪಿಕ್ನಿಕ್ಕು ಅಲ್ಲೇ, ಇಟಲಿಯವರು, ಸ್ಲೋವಾಕಿಯಾದವರು, ಪೋಲೆಂಡಿನವರು ವರ್ಷಕ್ಕೊಮ್ಮೆ ಸೇರುವ ದಿನವೂ ಅಲ್ಲೇ. ಅಜ್ಜಿಗೆ ಗಂಡ ಸಿಕ್ಕಿದ್ದೂ ಅದೇ ಹಾಲ್‌ನಲ್ಲಿ.

ಕುದುರೆಗಳು ಬಂದದ್ದು 1922ರಲ್ಲಿ. ಫಿಲಡೆಲ್ಫಿಯಾ ಟೊಬೊಗನ್ ಕಂಪನಿ ಮಾಡಿದ 61ನೇ ಮೆರಿಗೋರೌಂಡ್. 48 ಕುದುರೆ, ಎರಡು ರಥ. ಹೊರಸಾಲಿನ ಕುದುರೆಗಳು ನಿಂತಲ್ಲೇ ನಿಂತಿರುತ್ತವೆ, ಒಳಗಿನವು ಕಂಬದ ಮೇಲೆ ಏರಿ ಇಳಿಯುತ್ತವೆ. ಮಕ್ಕಳೆಲ್ಲ ಏರಿಳಿಯುವ ಕುದುರೆಗೇ ಮುಗಿಬೀಳುತ್ತಾರೆ. ಆದರೆ ಕೆತ್ತನೆ ನೋಡಬೇಕಾದರೆ ಹೊರಸಾಲು ನೋಡಬೇಕು. ಮೊನ್ನೆ ನಾನು ಒಂದರ ಕತ್ತಿನ ಮೇಲೆ ಕೈಯಾಡಿಸಿದೆ. ಕೇಸರದ ಒಂದೊಂದು ಎಳೆಯೂ ಬೇರೆ ಬೇರೆ ಕಡೆಗೆ ಹಾರಿದೆ. ಬಾಯಿ ಅರ್ಧ ತೆರೆದು ಹಲ್ಲು ಕಾಣುತ್ತದೆ, ಜೀನಿನ ಅಂಚಿಗೆ ಹರಳು. ಮರ ಅನ್ನೋದೇ ಮರೆತುಹೋಗುತ್ತದೆ.

1975ರಲ್ಲಿ ಈ ಮೆರಿಗೋರೌಂಡನ್ನು ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಆ ಗೌರವ ಸಿಕ್ಕ ಮೊದಲ ಮೆರಿಗೋರೌಂಡ್ ಇದು. ಆಗ ಅದರ ವಿಳಾಸ ಯಂಗ್ಸ್‌ಟೌನ್. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಎರಡೇ ವರ್ಷಕ್ಕೆ, 1977ರ ಸೆಪ್ಟೆಂಬರ್ 19ರ ಸೋಮವಾರ, ಯಂಗ್ಸ್‌ಟೌನ್ ಶೀಟ್ ಅಂಡ್ ಟ್ಯೂಬ್ ಅನ್ನುವ ಉಕ್ಕಿನ ಕಂಪನಿ ತನ್ನ ಕ್ಯಾಂಪ್‌ಬೆಲ್ ಕಾರ್ಖಾನೆಯ ಬಹುಭಾಗ ಮುಚ್ಚುವುದಾಗಿ ಹೇಳಿತು. ಸುಮಾರು 5,000 ಕೆಲಸ ಹೋಯಿತು. ಊರಿನವರು ಇವತ್ತಿಗೂ ಅದನ್ನು ಕಪ್ಪು ಸೋಮವಾರ ಅನ್ನುತ್ತಾರೆ. ಕಾರ್ಖಾನೆಯೇ ಇಲ್ಲ ಅಂದಮೇಲೆ ಕಾರ್ಖಾನೆಯ ಪಿಕ್ನಿಕ್ಕು ಎಲ್ಲಿಂದ? 1930ರಲ್ಲಿ 1,70,000 ಜನ ಇದ್ದ ಊರು ಅದು. 2020ರ ಜನಗಣತಿಗೆ 60,000 ಚಿಲ್ಲರೆ. 1984ರ ಏಪ್ರಿಲ್ 26ರಂದು, ಪಾರ್ಕು ಆ ವರ್ಷದ ಬಾಗಿಲು ತೆರೆಯುವ ಮೊದಲೇ, ವೆಲ್ಡಿಂಗ್ ಕೆಲಸದ ಕಿಡಿ ಹಾರಿ ಬೆಂಕಿ ಹತ್ತಿತು. ವೈಲ್ಡ್‌ಕ್ಯಾಟ್‌ನ ಒಂದು ಭಾಗ, ದೋಣಿ ಹೋಗುತ್ತಿದ್ದ 'ಲಾಸ್ಟ್ ರಿವರ್' ಎಲ್ಲ ಸುಟ್ಟವು. ಮತ್ತೆ ಕಟ್ಟಲು ದುಡ್ಡಿಲ್ಲ. ಆದರೂ ಆ ಬೇಸಿಗೆ ಪಾರ್ಕು ತೆರೆದರು. ಉಳಿದಿದ್ದ ಜ್ಯಾಕ್ ರ‍್ಯಾಬಿಟ್ ಕೋಸ್ಟರಿನ ಗಾಡಿಗಳನ್ನು ಹಿಂದುಮುಂದು ಮಾಡಿ ಓಡಿಸಿದರು, ಜನಕ್ಕೆ ಏನಾದರೂ ಹೊಸದು ಬೇಕಲ್ಲ ಅಂತ. ಇದನ್ನು ಹೇಳುವಾಗ ಅಜ್ಜಿ ಪ್ರತಿ ಸಲ ಅಳುತ್ತಿದ್ದರು. ಸೆಪ್ಟೆಂಬರಿನ ಕಾರ್ಮಿಕ ದಿನದ ಹೊತ್ತಿಗೆ ಪಾರ್ಕು ಮುಗಿಯಿತು.

ಅಕ್ಟೋಬರಿನಲ್ಲಿ ಹರಾಜು. ಕುದುರೆಗಳನ್ನು ಒಂದೊಂದಾಗಿ ಕೂಗುತ್ತಾರೆ, ಚೆಲ್ಲಾಪಿಲ್ಲಿಯಾಗುತ್ತವೆ ಅಂತ ಎಲ್ಲರಿಗೂ ಭಯ. ಕೊನೆಗೆ ನ್ಯೂಯಾರ್ಕಿನ ರಿಯಲ್ ಎಸ್ಟೇಟಿನ ಡೇವಿಡ್ ವಾಲೆಂಟಾಸ್ ಮತ್ತು ಅವರ ಹೆಂಡತಿ ಜೇನ್ 3,85,000 ಡಾಲರಿಗೆ ಪೂರ್ತಿ ಕೊಂಡರು. ಜೇನ್ ಕೂತು, ಸಣ್ಣ ಚಾಕುವಿನಲ್ಲಿ ಬಣ್ಣದ ಪದರಗಳನ್ನು ಒಂದೊಂದಾಗಿ ಕೆರೆದು, 1922ರ ಬಣ್ಣ ಯಾವುದಿತ್ತು ಅಂತ ಹುಡುಕಿದರು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಕೆಲಸ. 2011ರಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಝಾನ್ ನೂವೆಲ್ ವಿನ್ಯಾಸದ ಗಾಜಿನ ಮಂಟಪದಲ್ಲಿ ಕುದುರೆಗಳು ಮತ್ತೆ ತಿರುಗಿದವು. ಮರುವರ್ಷ ಸ್ಯಾಂಡಿ ಚಂಡಮಾರುತ ಬಂದಾಗ ಸುತ್ತಲೂ ನೀರು, ನಡುವೆ ದೀಪ ಉರಿಯುತ್ತಾ ನಿಂತ ಆ ಮಂಟಪದ ಫೋಟೋ ನೀವೂ ನೋಡಿರುತ್ತೀರಿ.

ಜೇನ್ ಅನ್ನುವ ಆ ತಾಯಿಗೆ ನಾನು ಕೈ ಮುಗಿಯುತ್ತೇನೆ. 2020ರಲ್ಲಿ ತೀರಿಕೊಂಡರು. ನನ್ನ ಜಗಳ ಹೆಸರಿನದು. ಅದರ ಹೆಸರು ಈಗ 'ಜೇನ್ಸ್ ಕರೋಸೆಲ್'. ಐಡೋರಾ ಎಲ್ಲಿ ಹೋಯಿತು?

ನಮ್ಮಲ್ಲಿ ಮನುಷ್ಯ ಎಲ್ಲಿ ಹೋದರೂ ಊರಿನ ಇನಿಷಿಯಲ್ ಹೊತ್ತುಕೊಂಡೇ ಹೋಗುತ್ತಾನೆ. ನಮ್ಮೂರಿಗೆ ಕಾರ್ಖಾನೆ ತಂದ ಸರ್ ಎಂ.ವಿ. ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಆದರೂ ಹಿರಿಯರು ಎಂದೋ ಬಿಟ್ಟುಬಂದ ಮೋಕ್ಷಗುಂಡಂ ಅವರ ಹೆಸರಿನ ಮುಂದೆ ಕೊನೇತನಕ ಉಳಿಯಿತು. ಅರವತ್ತಕ್ಕೂ ಹೆಚ್ಚು ಬೇಸಿಗೆ ಒಂದು ಊರಿನ ಮಕ್ಕಳನ್ನು ಹೊತ್ತು ತಿರುಗಿದ ಕುದುರೆಗಳಿಗೆ ಅಷ್ಟೂ ಬೇಡವೇ?

ನೀವು ಏನು ಹೇಳುತ್ತೀರಿ ಅಂತ ಗೊತ್ತು, ನಮ್ಮ ಮನೆಯವರೂ ಕಾರಿನಲ್ಲಿ ಅದನ್ನೇ ಹೇಳಿದರು. ಅಲ್ಲೇ ಬಿಟ್ಟಿದ್ದರೆ ಬೂದಿಯಾಗುತ್ತಿದ್ದವು ಅಂತ. ಸರಿ, ಒಪ್ಪಿದೆ. ಆ ಕುಣಿಯುವ ಹಾಲ್ 2001ರ ಮಾರ್ಚಿನಲ್ಲಿ ಬೆಂಕಿಗೆ ಹೋಯಿತು, ಅದೇ ವರ್ಷ ಉಳಿದ ಕೋಸ್ಟರುಗಳನ್ನೂ ಕೆಡವಿದರು. ಕುದುರೆ ಉಳಿದದ್ದು ಬ್ರೂಕ್ಲಿನ್‌ಗೆ ಹೋದದ್ದಕ್ಕೇ. ಆದರೆ ಸಾಕಿದವರು ಹೆತ್ತವರ ಹೆಸರು ಹೇಳಿದರೆ ಏನು ಕಡಿಮೆಯಾಗುತ್ತದೆ? 'ಐಡೋರಾ' ಅಂತ ಒಂದು ಪದ ಹೆಸರಿಗೆ ಸೇರಿಸಲು ಎಷ್ಟು ಡಾಲರ್ ಬೇಕು? ಇತಿಹಾಸವನ್ನು ಯಾರೂ ಮುಚ್ಚಿಟ್ಟಿಲ್ಲ ಅನ್ನೋದೂ ನಿಜ, ಓದಬೇಕು ಅಂದವರಿಗೆ ಸಿಗುತ್ತದೆ. ಓದದೆ ಹತ್ತಿಳಿಯುವ ಮಗುವಿನ ಬಾಯಿಗೆ ಬರುವುದು ಮಾತ್ರ ಹೆಸರೊಂದೇ.

ಒಂದು ಮಾತು ಒಪ್ಪಿಕೊಳ್ಳಬೇಕು. ನನ್ನ ಹೆಸರಿನ ಮುಂದಿದ್ದ 'ಬಿ' ಅಂದರೆ ಭದ್ರಾವತಿ. ಇಲ್ಲಿಗೆ ಬಂದ ಹೊಸದರಲ್ಲಿ ಅರ್ಜಿ ತುಂಬುವಾಗೆಲ್ಲ ಅದೇನು ಅಂತ ವಿವರಿಸಿ ಸಾಕಾಗಿ ನಾನೇ ಅದನ್ನು ತೆಗೆಸಿದೆ. ಅಪ್ಪನಿಗೆ ಹೇಳಲಿಲ್ಲ. ಒಮ್ಮೆ ರಜೆಗೆ ಹೋದಾಗ ಭದ್ರಾವತಿಯ ನ್ಯೂ ಟೌನಿನ ಮನೆಯಲ್ಲಿ ನನ್ನ ಪಾಸ್‌ಪೋರ್ಟ್ ತಿರುಗಿಸಿ ನೋಡಿದರು, ಏನೂ ಅನ್ನದೆ ಮೇಜಿನ ಮೇಲಿಟ್ಟರು. ಮೊನ್ನೆ ಆ ಹೊರಸಾಲಿನ ಕುದುರೆಯ ಕತ್ತು ಹಿಡಿದು ನಿಂತಾಗ ನೆನಪಾದದ್ದು ಅಪ್ಪನ ಆ ಮುಖ.

ಹೊರಗೆ ಬಂದು ಅಜ್ಜಿಗೆ ಫೋನ್ ಮಾಡಿದೆ. ಈಗ ಕಿವಿ ಅಷ್ಟು ಕೇಳಿಸುವುದಿಲ್ಲ ಅವರಿಗೆ. ಮೆರಿಗೋರೌಂಡಿನ ವಾದ್ಯದ ಸದ್ದು ಕೇಳಲಿ ಅಂತ ಫೋನನ್ನು ಬಾಗಿಲ ಕಡೆ ಹಿಡಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಗು ಯಾವ ಕುದುರೆ ಹತ್ತಿತು? ಹೊರಗಿನದೋ ಒಳಗಿನದೋ?" ಅಂದರು. ಒಳಗಿನದು ಅಂದೆ. "ನಾನೂ ಅದೇ ಹತ್ತುತ್ತಿದ್ದೆ, ಮೇಲೆ ಹೋಗುತ್ತದಲ್ಲ" ಅಂದರು.

ಮನೆಗೆ ಬರುವಾಗ ಹುಡುಗಿ ಕೇಳಿದಳು: "ಅತ್ತೆ, ಆ ಕುದುರೆಯ ಹೆಸರೇನು?" ಐಡೋರಾ ಅಂದೆ. ದಾರಿಯುದ್ದಕ್ಕೂ ಕಿಟಕಿಗೆ ಮುಖ ಒತ್ತಿ ಐಡೋರಾ, ಐಡೋರಾ ಅಂತ ಹಾಡಿಕೊಂಡು ಬಂದಳು. ಅವಳ ಫೋಟೋ ಒಂದು ಪ್ರಿಂಟ್ ಹಾಕಿಸಿದ್ದೇನೆ. ಹಿಂದೆ "ಐಡೋರಾ ಪಾರ್ಕ್, ಯಂಗ್ಸ್‌ಟೌನ್, 1922ರ ಕುದುರೆ" ಅಂತ ಬರೆದು, ಕೆಳಗೆ 'ಬಿ' ಸೇರಿಸಿ ನನ್ನ ಹೆಸರು ಹಾಕಿದ್ದೇನೆ. ನಾಳೆ ಅಜ್ಜಿಗೆ ಅಂಚೆಗೆ ಹಾಕಬೇಕು.